ಮಗನ ಬಿಹೇವಿಯರ್ ಅಸೆಸ್‌ಮೆಂಟ್ ಮಾಡಿಸಿದ್ವಿ, ದಾವಣಗೆರೆಲಿ ನಮ್ಗಾದ ಅನುಭವ

ನನ್ ಮಗಂಗೆ 12 ವರ್ಷ, ಬೌದ್ಧಿಕ ಅಂಗವೈಕಲ್ಯ ಐತೆ, ಮಾತು ಏಳೆಂಟು ಪದ ಅಷ್ಟೇ. ಒಂದು ವರ್ಷದಿಂದ ಕೈ ಕಚ್ಕೊಳ್ಳೋಕೆ ಶುರು ಮಾಡಿದ್ದ, ಎಡಗೈ ಹೆಬ್ಬೆರಳಿನ ಬುಡ ಕಪ್ಪಾಗಿ ದಪ್ಪಗಾಗಿತ್ತು. ನೋಡಿದೋರೆಲ್ಲ ಹಠ ಅಂದ್ರು, ಅಜ್ಜಿ ಮುದ್ದು ಮಾಡಿ ಕೆಡ್ಸಿದಾಳೆ ಅಂದ್ರು, ಒಬ್ರು ದೃಷ್ಟಿ ತೆಗ್ಸಿ ಅಂದ್ರು. ಕೊನೆಗೆ ಇಲ್ಲೇ ಊರೊಳಗೆ ಒಂದು ಸಣ್ಣ ಥೆರಪಿ ಸೆಂಟರಿಗೆ ಹೋದ್ವಿ.

ಮೊದಲ್ನೇ ದಿನ ಅಲ್ಲಿನ ಥೆರಪಿ ಮೇಡಂ ಕೇಳಿದ್ದು ಕಚ್ಚೋದ್ರ ಬಗ್ಗೆ ಅಲ್ಲವೇ ಅಲ್ಲ, ಹಲ್ಲು ನೋವೈತಾ, ಕಿವಿ ಸೋರುತ್ತಾ, ಹೊಟ್ಟೆ ಕಟ್ಟುತ್ತಾ, ರಾತ್ರಿ ನಿದ್ದೆ ಮಾಡ್ತಾನಾ, ಫಿಟ್ಸ್ ಮಾತ್ರೆ ಏನಾದ್ರೂ ಬದಲಾಯ್ತಾ ಅಂತ. ಮಾತು ಬರದ ಮಕ್ಳು ನೋವನ್ನ ಹಿಂಗೂ ತೋರಿಸ್ತಾರಂತೆ. ಹಲ್ಲಿನ ಡಾಕ್ಟರ್ ಹತ್ರ ಕಳಿಸಿದ್ರು, ಒಂದು ದವಡೆ ಹಲ್ಲು ಪೂರ್ತಿ ಹುಳುಕಾಗಿತ್ತು. ಒಂದು ವರ್ಷ ನನ್ ಮಗ ಅದನ್ನ ಹೆಂಗ್ ತಡ್ಕೊಂಡಿದ್ನೋ, ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಹಲ್ಲು ತೆಗ್ಸಿದ್ಮೇಲೆ ಕಚ್ಚೋದು ಸ್ವಲ್ಪ ಕಡಿಮೆ ಆಯ್ತು, ನಿಲ್ಲಲಿಲ್ಲ.

ಆಮೇಲೆ ಮಗುವಿನ ವರ್ತನೆ ಅಳೆಯೋ ಬೇಸಿಕ್ ಎಂಆರ್ ಅನ್ನೋ ಫಾರಂ ತುಂಬಿಸಿದ್ರು. ಸಿಕಂದರಾಬಾದಿನಲ್ಲಿರೋ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆಯೋರು 1992ರಲ್ಲಿ ನಮ್ಮ ದೇಶದ ಇಂಥ ಮಕ್ಳಿಗೆ ಅಂತಾನೇ ಮಾಡಿದ್ದು. ಅದ್ರ ಎರಡನೇ ಭಾಗದಲ್ಲಿ ತೊಂದ್ರೆ ಕೊಡೋ ವರ್ತನೆಗಳು 75 ಇದಾವೆ, 10 ಗುಂಪಲ್ಲಿ, ಇಲ್ವೇ ಇಲ್ಲ ಅಂದ್ರೆ 0, ಆಗಾಗ ಅಂದ್ರೆ 1, ಪದೇ ಪದೇ ಅಂದ್ರೆ 2. ಎಲ್ಲ ಕೂಡಿಸಿದ್ರೆ ಇವ್ನಿಗೆ 41 ಬಂತು, ಕಡಿಮೆ ಇದ್ದಷ್ಟೂ ಒಳ್ಳೇದು. ಮೂರು ತಿಂಗಳು ಬಿಟ್ಟು ಹೋಲಿಸಿ ನೋಡೋಕೆ ಆ ನಂಬರ್ ಬೇಕಂತೆ.

ನಮ್ಗೆ ನಿಜವಾಗ್ಲೂ ದಾರಿ ತೋರ್ಸಿದ್ದು ಒಂದು 40 ಪೇಜಿನ ನೋಟ್‌ಬುಕ್. ಮೂರು ಕಾಲಂ, ಕಚ್ಚೋಕೆ ಮುಂಚೆ ಏನಾಯ್ತು, ಅವ್ನು ಏನ್ ಮಾಡಿದ, ಆಮೇಲೆ ನಾವ್ ಏನ್ ಮಾಡಿದ್ವಿ, ಟೈಮ್ ಸಮೇತ ಎರಡು ವಾರ ಬರೀರಿ ಅಂದ್ರು. ಬರೆದು ನೋಡಿದ್ರೆ 19 ಸಲದಲ್ಲಿ 13 ಸಲ ಸಾಯಂಕಾಲ ಬರೆಯೋಕೆ ಕೂರಿಸಿದಾಗ್ಲೇ ಕಚ್ಕೊಂಡಿದಾನೆ, ಮೂರನೇ ಕಾಲಂನಲ್ಲಿ ಪ್ರತಿ ಸಲ ಒಂದೇ ಬರೆದಿದೀನಿ, ಅತ್ತೆ ಎಬ್ಬಿಸಿ ಕರ್ಕೊಂಡು ಹೋಗಿ ಮಂಡಕ್ಕಿ ಕೊಡ್ಸಿದ್ರು ಅಂತ. ಅತ್ತೆ ಅದನ್ನ ಕೇಳಿ ಅಲ್ಲೇ ಅತ್ತುಬಿಟ್ರು. ಮೇಡಂ ಅತ್ತೆ ಕೈ ಹಿಡ್ಕೊಂಡು "ಅಮ್ಮಾ, ನೀವು ಪ್ರೀತಿಗೆ ಮಾಡಿದ್ದು. ಅವ್ನಿಗೆ ಸಾಕು ಅಂತ ಹೇಳೋಕೆ ಬೇರೆ ದಾರಿ ಗೊತ್ತಿರಲಿಲ್ಲ, ಈಗ ಕಲ್ಸೋಣ" ಅಂದ್ರು, ಅವತ್ತು ನಂಗೆ ಆ ಸೆಂಟರ್ ಮೇಲೆ ನಂಬಿಕೆ ಬಂತು.

ಈಗ ಸಾಕು ಅನ್ನಿಸಿದ್ರೆ ಟೇಬಲ್ ಮೇಲೆ ಅಂಗೈ ತಟ್ಟಬೇಕು, ತಟ್ಟಿದ ತಕ್ಷಣ ಬರೆಯೋದು ಬಿಡಿಸ್ತೀವಿ, ಐದು ನಿಮಿಷ ಬರೆದ್ರೆ ಮಂಡಕ್ಕಿ ಅಜ್ಜಿ ಕೈಯಿಂದ್ಲೇ. ಮೊದಲ್ನೇ ವಾರ ಕಚ್ಚೋದು ಜಾಸ್ತಿ ಆಯ್ತು, ಹಿಂಗಾಗುತ್ತೆ ಹೆದರ್ಬೇಡಿ ಅಂತ ಮುಂಚೆನೇ ಹೇಳಿದ್ರು, ಇಲ್ದಿದ್ರೆ ನಾವು ಅಲ್ಲಿಗೇ ಬಿಟ್ಟುಬಿಡ್ತಿದ್ವಿ. ಮೂರು ತಿಂಗಳಿಗೆ ಅದೇ ಫಾರಂನಲ್ಲಿ 29 ಬಂದೈತೆ, ಕೈ ಮೇಲಿನ ಕಪ್ಪು ಇನ್ನೂ ಹೋಗಿಲ್ಲ ಆದ್ರೆ ಹೊಸ ಗಾಯ ಇಲ್ಲ.

ಬೇಜಾರಾಗಿದ್ದು ಎರಡು. ರಿಪೋರ್ಟ್ ಆರು ಪೇಜು ಪೂರ್ತಿ ಇಂಗ್ಲಿಷ್, ಮನೇಲಿ ಅವ್ನ ಜೊತೆ ದಿನವಿಡೀ ಇರೋದು ಅತ್ತೆ, ಅವ್ರಿಗೆ ಓದೋಕೆ ಬರೋದು ಕನ್ನಡ ಮಾತ್ರ, ನಾನೇ ಕೂತು ಬರ್ಕೊಟ್ಟೆ. ಇನ್ನೊಂದು, ಸ್ಕೂಲಲ್ಲಿ ಹೆಂಗಿರ್ತಾನೆ ಅಂತ ಸೆಂಟರ್‌ನೋರು ಟೀಚರ್‌ನ ಒಂದು ಮಾತೂ ಕೇಳಲಿಲ್ಲ. ಅಲ್ಲಿ ಪ್ರಾರ್ಥನೆ ಟೈಮಲ್ಲಿ ಮೈಕ್ ಜೋರಾದ್ರೆ ಕಚ್ಕೊಳ್ತಾನಂತೆ, ಅದಕ್ಕೆ ಮನೇಲಿ ಅಂಗೈ ತಟ್ಟೋದು ಕಲ್ಸಿದ್ರೆ ಏನ್ ಬಂತು? ಅದಕ್ಕೇ 5ಕ್ಕೆ 4 ಕೊಡ್ತಿದೀನಿ.

ಪ್ರೈವೇಟ್ ಫೀಸು ಕಷ್ಟ ಅನ್ನೋರು ನಮ್ಮ ದಾವಣಗೆರೆಲೇ ಇರೋ ಕೇಂದ್ರ ಸರ್ಕಾರದ ಸಿಆರ್‌ಸಿಲಿ (ಅಂಗವಿಕಲರ ಪುನರ್ವಸತಿ ಕೇಂದ್ರ) ವಿಚಾರಿಸಿ, ಆ ಸಿಕಂದರಾಬಾದ್ ಸಂಸ್ಥೆ ಕೆಳಗೇ ಬರುತ್ತೆ. ಎಲ್ಲಿಗೇ ಹೋದ್ರೂ ಆ ಮೂರು ಕಾಲಂ ಪುಸ್ತಕ ಇವತ್ತಿಂದ್ಲೇ ಬರೀರಿ. ನಾವು ಸೋಮವಾರ ಇನ್ನೊಂದು ನೋಟ್‌ಬುಕ್ ಟೀಚರ್ ಕೈಗೆ ಕೊಡ್ತಿದೀವಿ.