ಸನ್‌ರೂಫ್ ಕಾರು, ಮಲೆನಾಡಿನ ಮಳೆ: ಹಳೇದಾದ್ಮೇಲೆ ಬರೀತಿರೋ ರಿವ್ಯೂ

ಯೂಟ್ಯೂಬಲ್ಲಿ ಸನ್‌ರೂಫ್ ರಿವ್ಯೂ ಅಂದ್ರೆ ಗಾಜು ತೆಗೀತಾರೆ, ಮುಚ್ತಾರೆ, ವಾವ್ ಅಂತಾರೆ, ಮುಗೀತು. ಎಲ್ಲಾ ಹೊಸ ಗಾಡಿ, ಹೊಸದ್ರಲ್ಲಿ ಯಾವ್ದು ಕೆಲ್ಸ ಮಾಡಲ್ಲ ಹೇಳಿ. ನನ್ ಹತ್ರ ಇರೋದು 2020ರಲ್ಲಿ ತಗೊಂಡ ಕಾಂಪ್ಯಾಕ್ಟ್ ಎಸ್‌ಯುವಿ, ಮಾಮೂಲಿ ಸೈಜಿನ ಎಲೆಕ್ಟ್ರಿಕ್ ಸನ್‌ರೂಫು, ರೂಫಿನುದ್ದಕ್ಕೂ ಗಾಜಿರೋ ಪನೋರಮಿಕ್ ಅಲ್ಲ. ವಾರವೆಲ್ಲಾ ಬೆಂಗಳೂರಲ್ಲಿ ಹೊಂಗೆ ಮರದ ಕೆಳಗೆ ನಿಂತಿರತ್ತೆ, ರಜಾ ಸಿಕ್ರೆ ತೀರ್ಥಹಳ್ಳಿ ಕಡೆ ಊರಿಗೆ ಹೋಗತ್ತೆ, ಹಂಗಾಗಿ ಧೂಳು, ಹೂವು, ಬಿಸಿಲು, ಆಗುಂಬೆ ಕಡೆ ಮಳೆ ಎಲ್ಲಾ ಕಂಡಿದೆ. ಬ್ರ್ಯಾಂಡ್ ಹೆಸರು ಹಾಕಲ್ಲ, ಹಾಕಿದ್ರೂ ಉಪಯೋಗ ಇಲ್ಲ, ಯಾಕಂದ್ರೆ ಒಳಗಿರೋ ಸಾಮಾನು ಹೆಚ್ಚುಕಮ್ಮಿ ಎಲ್ಲಾ ಗಾಡೀಲೂ ಒಂದೇ ಥರ, ಕಾರ್ ಕಂಪನಿಯವ್ರು ಇದನ್ನ ಸಾಮಾನ್ಯವಾಗಿ ತಾವೇ ಮಾಡಲ್ಲ, ಜರ್ಮನಿಯ ವೆಬಾಸ್ಟೊ, ನೆದರ್ಲೆಂಡ್ಸಿನ ಇನಾಲ್ಫಾ ಇಂಥವ್ರ ಹತ್ರ ಫ್ರೇಮು, ಮೋಟರು, ಗಾಜು ಸಮೇತ ಇಡೀ ಸೆಟ್ ತರಿಸಿ ಕೂರಿಸ್ತಾರೆ.

ಬುಕ್ ಮಾಡಿದಾಗ ಅಪ್ಪಯ್ಯ ಕೇಳಿದ್ದು ಒಂದೇ ಮಾತು, "ಅಲ್ವೋ, ನಾವು ಮಾಡು ಸೋರತ್ತೆ ಅಂತ ವರ್ಷಾ ವರ್ಷಾ ದುಡ್ಡು ಸುರೀತೀವಿ, ನೀನು ದುಡ್ಡು ಕೊಟ್ಟು ಮಾಡಿಗೆ ತೂತು ಹೊಡ್ಸ್ತೀಯ?" ಅಂತ. ಆಗ ನಕ್ಕಿದ್ವಿ. ಆದ್ರೆ ಮಳೆ ಊರಿನವ್ರಿಗೆ ಸನ್‌ರೂಫಲ್ಲಿ ನೋಡ್ಬೇಕಾದ್ದೇ ಅದು, ಗಾಜು ಎಷ್ಟು ದೊಡ್ಡದು ಅನ್ನೋದಲ್ಲ, ಆ ತೂತಿನ ಸುತ್ತ ಬಂದ ನೀರು ಎಲ್ಲಿಗೆ ಹೋಗತ್ತೆ ಅನ್ನೋದು. ಅದಕ್ಕೆ ಆಮೇಲೆ ಬರ್ತೀನಿ.

ಮೊದ್ಲು ಬಳಕೆ. ಪೂರ್ತಿ ಹಿಂದಕ್ಕೆ ಸರಿಸಿ ಆಕಾಶ ನೋಡ್ಕೊಂಡು ಹೋಗೋದು ಶೋರೂಮಿಂದ ತಂದ ಹೊಸದ್ರಲ್ಲಿ ಅಷ್ಟೇ. ಬೆಂಗಳೂರಲ್ಲಿ ತೆಗುದ್ರೆ ಹೊಗೆ, ಚಿತ್ರದುರ್ಗದ ಕಡೆ ತೆಗುದ್ರೆ ನೆತ್ತಿ ಸುಡತ್ತೆ, ಘಟ್ಟದಲ್ಲಿ ಯಾವಾಗ ಮಳೆ ಬರತ್ತೋ ಗೊತ್ತಿಲ್ಲ. ನಾನು ದಿನಾ ಬಳ್ಸೋದು ಟಿಲ್ಟ್, ಅಂದ್ರೆ ಗಾಜಿನ ಹಿಂದಿನ ಅಂಚು ಮಾತ್ರ ಮೇಲಕ್ಕೆ ಎದ್ದು ನಿಲ್ಲತ್ತಲ್ಲ ಅದು. ಬಿಸಿಲಲ್ಲಿ ನಿಲ್ಸಿದ ಗಾಡಿ ಸ್ಟಾರ್ಟ್ ಮಾಡಿ ಟಿಲ್ಟ್ ಹಾಕಿ ಒಂದೆರಡು ನಿಮಿಷ ಹೋದ್ರೆ ಮೇಲೆ ಸೇರ್ಕೊಂಡಿರೋ ಬಿಸಿ ಗಾಳಿ ಎಳ್ಕೊಂಡು ಹೊರಗೆ ಹೋಗತ್ತೆ, ಓಡೋ ಗಾಡಿ ಮೇಲೆ ಗಾಳಿ ಜೋರಾಗಿ ಹಾಯ್ದು ಹೋಗೋದ್ರಿಂದ ಆ ಸಂದಿನ ಹತ್ರ ಒತ್ತಡ ಕಮ್ಮಿ ಆಗಿ ಒಳಗಿನ ಗಾಳೀನ ಎಳ್ಯತ್ತೆ. ಆಮೇಲೆ ಎಸಿ ಹಾಕಿದ್ರೆ ಬೇಗ ತಣ್ಣಗಾಗತ್ತೆ. ತುಂತುರು ಮಳೆಲೂ ಟಿಲ್ಟ್ ಇಡಬಹುದು, ಗಾಡಿ ಓಡ್ತಿದ್ರೆ ಅಷ್ಟಾಗಿ ಒಳಗೆ ಬೀಳಲ್ಲ. ನನ್ ಪ್ರಕಾರ ಕೊಟ್ಟ ದುಡ್ಡಲ್ಲಿ ಮುಕ್ಕಾಲು ಪಾಲು ವಸೂಲಾಗಿದ್ದು ಈ ಒಂದು ಟಿಲ್ಟಿಂದ. ಹೊಗೆ ಬಿಡೋ ಸ್ನೇಹಿತರು ಇರೋವ್ರಿಗಂತೂ ಹೇಳೋದೇ ಬೇಡ.

ಈಗ ಇದು ತೆಗ್ಯೋದು ಮುಚ್ಚೋದು ಹೆಂಗೆ ಅನ್ನೋದು, ಯಾಕಂದ್ರೆ ಮುಂದೆ ಬರೋ ಎಲ್ಲಾ ತಕರಾರಿನ ಬೇರು ಇಲ್ಲೇ ಇದೆ. ನಡುವೆ ಒಂದು ಚಿಕ್ಕ 12 ವೋಲ್ಟ್ ಮೋಟರ್, ಅದಕ್ಕೆ ವರ್ಮ್ ಗೇರು, ಅಂದ್ರೆ ಸ್ಕ್ರೂ ಥರ ಇರೋ ಗೇರು. ಅದರ ಕೊನೇಲಿ ಇರೋ ಹಲ್ಲಿನ ಚಕ್ರದ ಎರಡೂ ಪಕ್ಕಕ್ಕೆ ಒಂದೊಂದು ಸ್ಟೀಲ್ ಕೇಬಲ್ ತಾಗಿಕೊಂಡಿರತ್ತೆ. ಮಾಮೂಲಿ ಕೇಬಲ್ ಅಲ್ಲ, ಮೈಮೇಲೆ ಸ್ಪ್ರಿಂಗ್ ಥರ ಸುರುಳಿ ಸುತ್ತಿರತ್ತೆ, ಆ ಸುರುಳಿನೇ ಹಲ್ಲಿನ ಕೆಲ್ಸ ಮಾಡತ್ತೆ, ಹಂಗಾಗಿ ಈ ಕೇಬಲ್ ಎಳ್ಯೋದು ಮಾತ್ರ ಅಲ್ಲ ತಳ್ಳೋದೂ ಮಾಡತ್ತೆ. ಮೋಟರ್ ಒಂದ್ಕಡೆ ತಿರುಗಿದ್ರೆ ಎರಡೂ ಕೇಬಲ್ ಎಡ ಬಲ ರೈಲಿನೊಳಗೆ (ಗಾಜು ಜಾರೋ ಹಳಿ) ಒಟ್ಟಿಗೆ ಹಿಂದಕ್ಕೆ, ಉಲ್ಟಾ ತಿರುಗಿದ್ರೆ ಒಟ್ಟಿಗೆ ಮುಂದಕ್ಕೆ. ಕೇಬಲ್ ತುದೀಲಿ ಪ್ಲಾಸ್ಟಿಕ್ ಸ್ಲೈಡರು, ಅದಕ್ಕೆ ಗಾಜು ಎತ್ತೋ ತೋಳು. ಆ ತೋಳಿನಲ್ಲಿ ವಕ್ರವಾಗಿ ಕೊರೆದ ಒಂದು ಸೀಳು ಇರತ್ತೆ, ಸ್ಲೈಡರಿನ ಪಿನ್ನು ಅದರಲ್ಲಿ ಒಂದ್ಕಡೆ ಹೋದ್ರೆ ಗಾಜಿನ ಹಿಂಬದಿ ಏಳತ್ತೆ, ಇನ್ನೊಂದ್ಕಡೆ ಹೋದ್ರೆ ಗಾಜು ಕೆಳಗೆ ಇಳಿದು ರೂಫಿನ ಅಡಿಗೆ ಜಾರತ್ತೆ. ಟಿಲ್ಟಿಗೊಂದು ಸ್ಲೈಡಿಗೊಂದು ಮೋಟರ್ ಇದೆ ಅಂತ ಸುಮಾರು ಜನ ಅಂದ್ಕೊಂಡಿದಾರೆ, ಇಲ್ಲ, ಒಂದೇ. ಎರಡು ಕಡೆ ಕೇಬಲ್ ಸರಿಸಮ ಹೋಗ್ಬೇಕು, ಒಂದ್ಕಡೆ ಒಂದು ಹಲ್ಲು ಹಾರಿದ್ರೂ ಗಾಜು ಸೊಟ್ಟ ಆಗಿ ರೈಲಲ್ಲಿ ಕಚ್ಕೊಂಡು ನಿಲ್ಲತ್ತೆ. ಕಟಕಟ ಸದ್ದು ಬಂತು ಅಂದ್ರೆ ಸ್ವಿಚ್ ಮತ್ತೆ ಮತ್ತೆ ಒತ್ತಬೇಡಿ, ಪ್ಲಾಸ್ಟಿಕ್ ಮುರೀತಿರತ್ತೆ ಅಲ್ಲಿ.

ಮೋಟರಿಗೆ ತಾನು ಎಲ್ಲಿದೀನಿ ಅನ್ನೋದು ಹೆಂಗೆ ಗೊತ್ತಾಗತ್ತೆ ಅಂದ್ರೆ, ಒಳಗೆ ಹಾಲ್ ಸೆನ್ಸರ್ ಅಂತ ಅಯಸ್ಕಾಂತ ಗುರುತಿಸೋ ಸೆನ್ಸರ್ ಇರತ್ತೆ, ಅದು ಸುತ್ತು ಎಣಿಸ್ತಾ ಇರತ್ತೆ. ಇಷ್ಟು ಸುತ್ತು ಆದ್ರೆ ಪೂರ್ತಿ ಮುಚ್ಚಿದೆ, ಇಷ್ಟಾದ್ರೆ ಪೂರ್ತಿ ತೆರೆದಿದೆ ಅಂತ ಲೆಕ್ಕ. ನಾನು ಬ್ಯಾಟರಿ ಹೊಸದು ಹಾಕ್ಸಿದ ದಿನ ಸನ್‌ರೂಫಿನ ಒನ್ ಟಚ್ (ಒಂದ್ಸಲ ಒತ್ತಿದ್ರೆ ತಾನೇ ಪೂರ್ತಿ ಹೋಗೋದು) ಕೆಲ್ಸ ಮಾಡ್ಲಿಲ್ಲ, ಒತ್ತಿದ್ರೆ ಒಂದು ಇಂಚು ಹೋಗಿ ನಿಲ್ಲೋದು. ಬ್ಯಾಟರಿ ಅಂಗಡಿ ಹುಡುಗ "ಸಾರ್ ಮೋಟರ್ ವೀಕು" ಅಂದ. ಮೋಟರಿಗೇನೂ ಆಗಿರ್ಲಿಲ್ಲ, ಕರೆಂಟ್ ಕಟ್ ಆಗಿ ಲೆಕ್ಕ ಮರ್ತಿತ್ತು ಅಷ್ಟೇ. ಇಗ್ನಿಷನ್ ಆನ್ ಮಾಡಿ ಗಾಜು ಮುಚ್ಚಿ, ಮುಚ್ಚೋ ಕಡೆಗೇ ಸ್ವಿಚ್ ಹಿಡ್ಕೊಂಡೇ ಇದ್ರೆ ಅದು ತಾನೇ ಒಂದ್ಸಲ ಎದ್ದು, ಹಿಂದೆ ಹೋಗಿ, ಮುಂದೆ ಬಂದು ಮುಚ್ಚತ್ತೆ, ಅಲ್ಲೀವರೆಗೂ ಕೈ ಬಿಡಬಾರ್ದು, ಬಿಟ್ರೆ ಮತ್ತೆ ಮೊದ್ಲಿಂದ. ನನ್ ಗಾಡೀಲಿ ಹಿಂಗೆ, ಬೇರೆ ಗಾಡೀಲಿ ಕ್ರಮ ಸ್ವಲ್ಪ ಬೇರೆ ಇರತ್ತೆ, ಓನರ್ಸ್ ಮ್ಯಾನುಯಲಲ್ಲಿ ಸನ್‌ರೂಫ್ ರೀಸೆಟ್ ಅಂತ ಪುಟ ಇರತ್ತೆ ನೋಡ್ಕೊಳ್ಳಿ. ಇದಕ್ಕೆ ದುಡ್ಡು ಕೊಟ್ಟು ಬಂದವ್ರು ನಂಗೆ ಗೊತ್ತು.

ಇದೇ ಸೆನ್ಸರ್ ಬೆರಳು ಸಿಕ್ಕಿಕೊಳ್ದಂಗೂ ಕಾಯತ್ತೆ. ಮುಚ್ತಾ ಇರೋವಾಗ ಮೋಟರ್ ಇದ್ದಕ್ಕಿದ್ದಂಗೆ ನಿಧಾನ ಆದ್ರೆ ಮಧ್ಯ ಏನೋ ಸಿಕ್ಕಿದೆ ಅಂತ ಅಂದಾಜು ಮಾಡಿ ವಾಪಸ್ ತೆಗ್ಯತ್ತೆ. ಯುರೋಪ್, ಅಮೆರಿಕದ ನಿಯಮದಲ್ಲಿ ಹಿಂಗೆ ತಾನಾಗಿ ಮುಚ್ಚೋ ರೂಫು 100 ನ್ಯೂಟನ್ ಒತ್ತಡ ಮೀರೋಕ್ ಮುಂಚೆ, ಅಂದ್ರೆ ಹತ್ತು ಕೆಜಿ ಭಾರದಷ್ಟು ಬೀಳೋಕ್ ಮುಂಚೆ, ವಾಪಸ್ ತಿರುಗ್ಬೇಕು. ಅದೂ ಸಂದು 4 ಮಿ.ಮೀ.ಗಿಂತ ಜಾಸ್ತಿ ಇದ್ದಾಗಿನ ಲೆಕ್ಕ, ಕೊನೇ ಆ ಎಳೆಯಷ್ಟು ಸಂದಿಗೆ ಅದು ಅನ್ವಯ ಆಗಲ್ಲ. ಮಕ್ಕಳ ಬೆರಳು ಎಷ್ಟು ಸಣ್ಣ ಇರತ್ತೆ ಅಂತ ನಿಮಗೇ ಗೊತ್ತು, ಹಂಗಾಗಿ ಟೆಸ್ಟ್ ಮಾಡ್ಬೇಕು ಅಂದ್ರೆ ಕೈ ಹಾಕ್ಬೇಡಿ, ಪೇಪರ್ ಸುರುಳಿ ಸುತ್ತಿ ಹಾಕಿ ನೋಡಿ.

ಮೂರನೇ ಬೇಸಿಗೆಲಿ ನಂಗೆ ಬಂದ ದೊಡ್ಡ ತಲೆನೋವು ಇದರಿಂದ್ಲೇ. ಮುಚ್ಚೋಕ್ ಒತ್ತಿದ್ರೆ ಮುಕ್ಕಾಲು ಬಂದು ವಾಪಸ್ ಹೋಗೋದು. ಮತ್ತೆ ಒತ್ತಿದ್ರೆ ಮತ್ತೆ ವಾಪಸ್. ಮೇಲೆ ಮೋಡ ಕಟ್ತಾ ಇದೆ, ಕೆಳಗೆ ನಾನು ಸ್ವಿಚ್ ಹಿಡ್ಕೊಂಡು ದೇವ್ರ ಧ್ಯಾನ. ಸರ್ವಿಸ್ ಸೆಂಟರಲ್ಲಿ ನೋಡಿದವ್ರು ಬಿಡಿ ಪಾರ್ಟ್ಸ್ ಬರಲ್ಲ, ಇಡೀ ಅಸೆಂಬ್ಲಿನೇ ಚೇಂಜು ಅಂತ ಹೇಳಿ ಕೊಟ್ಟ ಎಸ್ಟಿಮೇಟ್ ನೋಡಿ ಒಂದು ಹಳೇ ಸ್ಕೂಟರ್ ಬರತ್ತಲ್ಲ ಅನ್ನಿಸ್ತು. ಶಿವಮೊಗ್ಗದಲ್ಲಿ ಗೊತ್ತಿರೋ ಮೆಕ್ಯಾನಿಕ್ ಹತ್ರ ಹೋದೆ, ಆತ ಟಾರ್ಚ್ ಹಾಕಿ ರೈಲು ತೋರ್ಸಿ "ಮೋಟರ್ ಸರಿ ಇದೆ ಸಾರ್, ಇದಕ್ಕೆ ಓಡಕ್ಕೆ ದಾರಿ ಇಲ್ಲ" ಅಂದ. ಹಳೇ ಗ್ರೀಸು, ಅದಕ್ಕೆ ಅಂಟಿದ ಕೆಂಪು ಧೂಳು, ಹೊಂಗೆ ಹೂವಿನ ಚೂರು ಎಲ್ಲಾ ಸೇರಿ ಗಟ್ಟಿ ಪೇಸ್ಟ್ ಆಗಿತ್ತು. ಸ್ಲೈಡರ್ ಆ ಜಾಗಕ್ಕೆ ಬಂದಾಗ ತಿಣುಕೋದು, ಮೋಟರ್ ನಿಧಾನ ಆಗೋದು, ಸೆನ್ಸರಿಗೆ ಯಾರದ್ದೋ ಕೈ ಸಿಕ್ಕಿದೆ ಅನ್ನಿಸೋದು. ಬಟ್ಟೇಲಿ, ಹಳೇ ಟೂತ್‌ಬ್ರಷ್‌ಲ್ಲಿ ಪೂರ್ತಿ ಒರೆಸಿ ತೆಗೆದು, ಹೊಸ ಗ್ರೀಸ್ ತೆಳ್ಳಗೆ ಹಚ್ಚಿ, ರೀಸೆಟ್ ಮಾಡಿದ ಮೇಲೆ ಇವತ್ತಿನವರೆಗೂ ತಕರಾರಿಲ್ಲ. ಖರ್ಚು ಕೇಳಿದ್ರೆ ಸರ್ವಿಸ್ ಸೆಂಟರಿನವ್ರು ಬೇಜಾರ್ ಮಾಡ್ಕೋತಾರೆ.

ಗ್ರೀಸ್ ಬಗ್ಗೆ ಒಂದ್ಮಾತು. ತುಕ್ಕು ಬಿಡ್ಸೋ ಸ್ಪ್ರೇ ಸಿಗತ್ತಲ್ಲ ಎಲ್ಲಾ ಹಾರ್ಡ್‌ವೇರ್ ಅಂಗಡೀಲೂ, ಅದನ್ನ ರೈಲಿಗೆ ಹೊಡೀಬೇಡಿ. ಹೊಡ್ದ ದಿನ ಸೂಪರಾಗಿ ಜಾರತ್ತೆ, ಆದ್ರೆ ಅದು ಇರೋ ಗ್ರೀಸನ್ನೂ ಕರಗ್ಸಿ ತೊಳೆದು ಹಾಕತ್ತೆ, ಆಮೇಲೆ ಮೊದ್ಲಿಗಿಂತ ಕೆಟ್ಟದಾಗಿ ಹಿಡ್ಕೊಳ್ಳತ್ತೆ. ರೈಲಿಗೆ ಪ್ಲಾಸ್ಟಿಕ್ಕಿಗೆ ಆಗೋ ಗ್ರೀಸು, ಸುತ್ತಲಿನ ರಬ್ಬರ್ ಬೀಡಿಂಗಿಗೆ ಸಿಲಿಕೋನ್ ಗ್ರೀಸು, ಅಷ್ಟು ಸಾಕು. ಬೀಡಿಂಗ್ ಒಣಗಿ ಗಾಜಿಗೆ ಅಂಟಿದ್ರೂ ತೆಗೆಯೋವಾಗ ಚಟ್ ಅಂತ ಸದ್ದು ಬರತ್ತೆ, ಹೆದರ್ಬೇಡಿ.

ಈಗ ನೀರು. ಸನ್‌ರೂಫ್ ಬೀಡಿಂಗ್ ಪೂರ್ತಿ ನೀರು ತಡ್ಯತ್ತೆ ಅಂತ ನಂಬಿರೋವ್ರೇ ಜಾಸ್ತಿ. ತಡ್ಯಲ್ಲ, ತಡೀಲಿ ಅಂತ ಮಾಡಿರೋದೂ ಅಲ್ಲ. ಜೋರು ಮಳೆಲಿ ಸ್ವಲ್ಪ ನೀರು ಅಂಚು ದಾಟಿ ಬಂದೇ ಬರತ್ತೆ, ಬಂದಿದ್ದನ್ನ ಹಿಡಿಯೋಕೆ ಗಾಜಿನ ಕೆಳಗೆ ಸುತ್ತಾ ಒಂದು ಕಾಲುವೆ ಇದೆ. ಹಂಚಿನ ಮನೆ ಮಾಡಿನ ಅಂಚಿಗೆ ಅಡಿಕೆ ದಬ್ಬೆ ಕಟ್ಟಿ ನೀರು ಹಾಯಿಸ್ತೀವಲ್ಲ, ಅದೇ ಲೆಕ್ಕ. ಕಾಲುವೆಯ ನಾಲ್ಕು ಮೂಲೆಲಿ ನಾಲ್ಕು ಸಣ್ಣ ಪೈಪು. ಮುಂದಿನೆರಡು ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗೆ ಇಳಿದು ಮುಂದಿನ ಬಾಗಿಲಿನ ಹಿಂಜ್ ಹತ್ರ ಎಲ್ಲೋ ಹೊರಗೆ ಬಿಡತ್ತೆ, ಹಿಂದಿನೆರಡು ಹಿಂದಿನ ಕಂಬದೊಳಗೆ ಇಳಿದು ಬಂಪರ್ ಕಡೆ. ಪೈಪು ಪೆನ್ಸಿಲ್ಲಿನಷ್ಟು ದಪ್ಪ ಇದ್ರೆ ಹೆಚ್ಚು. ಏಪ್ರಿಲ್ಲಲ್ಲಿ ಹೊಂಗೆ ಹೂವು ಉದುರತ್ತಲ್ಲ, ಆ ಹೂವಿನ ಸೈಜು ಈ ಪೈಪಿನ ಬಾಯಿಗೆ ಅಂತಾನೇ ದೇವ್ರು ಮಾಡಿರೋದು ಅನ್ನಿಸ್ಬಿಟ್ಟಿದೆ ನಂಗೆ. ಹೂವು ಕಟ್ಕೊಂಡು, ಜೂನಲ್ಲಿ ಮಳೆ ಹಿಡ್ದಾಗ ಕಾಲುವೆ ತುಂಬಿ, ನೀರು ರೂಫಿನ ಬಟ್ಟೆ ಮೇಲೆ ಹರಿದು ಡ್ರೈವರ್ ಕಾಲಿನ ಹತ್ರ ಇಳ್ಯತ್ತೆ. ಜನ ಬಾಗಿಲು ಸೋರ್ತಿದೆ, ಎಸಿ ನೀರು ಒಳಗೆ ಬರ್ತಿದೆ ಅಂತ ಎಲ್ಲೆಲ್ಲೋ ಹುಡುಕ್ತಾರೆ. ಕಾರ್ಪೆಟ್ ನೆಂದ್ರೆ ವಾಸನೆ ಒಂದೇ ಅಲ್ಲ, ಸುಮಾರು ಗಾಡೀಲಿ ಫ್ಯೂಸ್ ಬಾಕ್ಸು ಡ್ಯಾಶ್‌ಬೋರ್ಡ್ ಕೆಳಗೇ ಇರತ್ತೆ, ಅದಕ್ಕೆ ನೀರು ಹೋದ್ರೆ ಕಥೆ ಬೇರೆ.

ಕ್ಲೀನ್ ಮಾಡೋದು ಸುಲಭ. ಗಾಜು ಪೂರ್ತಿ ತೆಗ್ದು ಮೂಲೆಗೆ ಅರ್ಧ ಲೋಟ ನೀರು ನಿಧಾನಕ್ಕೆ ಬಿಡಿ, ಕೆಳಗೆ ಆ ಕಡೆ ಚಕ್ರದ ಹತ್ರ ನೀರು ಬೀಳ್ಬೇಕು. ಬೀಳ್ಲಿಲ್ಲ ಅಂದ್ರೆ ತೋಟದಲ್ಲಿ ಹುಲ್ಲು ಹೊಡ್ಯೋ ಮಷೀನಿಗೆ ಹಾಕೋ ನೈಲಾನ್ ದಾರ ಇರತ್ತಲ್ಲ, ಅದರ ತುದಿ ಬೆಂಕೀಲಿ ಸ್ವಲ್ಪ ಗುಂಡಗೆ ಮಾಡಿ ಮೇಲಿಂದ ಮೆಲ್ಲಗೆ ಬಿಡಿ. ಕಬ್ಬಿಣದ ತಂತಿ ಬೇಡ, ಪೈಪ್ ತೂತಾಗತ್ತೆ. ಪಂಕ್ಚರ್ ಅಂಗಡಿ ಗಾಳೀನೂ ಬೇಡ, ಜೋರಾಗಿ ಬಿಟ್ರೆ ಪೈಪು ಒಳಗೇ ಜಾಯಿಂಟ್ ಬಿಟ್ಕೊಳ್ಳತ್ತೆ, ಆಮೇಲೆ ರೂಫಿನ ಬಟ್ಟೆ ಕೆಳಗಿಳಿಸದೆ ದಾರಿ ಇಲ್ಲ. ಹೊಂಗೆ ಉದುರಿ ಮುಗಿದ ಮೇಲೆ, ಮಳೆಗಾಲದ ಮುಂಚೆ ಒಂದ್ಸಲ ಇದನ್ನ ಮಾಡ್ಬಿಟ್ರೆ ಆಗುಂಬೆ ಘಾಟಿ ಮಳೆಗೂ ಒಂದು ಹನಿ ಒಳಗೆ ಬರಲ್ಲ, ನನ್ ಗಾಡಿ ಸಾಕ್ಷಿ. ವಾಟರ್ ವಾಶ್ ಹುಡುಗ್ರಿಗೆ ಮಾತ್ರ ಮುಂಚೆನೇ ಹೇಳಿ, ಪ್ರೆಶರ್ ಗನ್ ಹತ್ರದಿಂದ ಬೀಡಿಂಗಿಗೆ ಹಿಡಿಬೇಡ ಮಾರಾಯ ಅಂತ. ಮಳೆ ಮೇಲಿಂದ ಬೀಳತ್ತೆ, ಗನ್ನು ಅಡ್ಡಕ್ಕೆ ನುಗ್ಸತ್ತೆ, ಕಾಲುವೆನೂ ದಾಟ್ಕೊಂಡು ಬರತ್ತೆ.

ಸದ್ದಿನ ವಿಷಯ. ಪೂರ್ತಿ ತೆಗ್ದು ಹೈವೇಲಿ ಹೋದ್ರೆ ಒಂದು ಸ್ಪೀಡಲ್ಲಿ ಕಿವಿಗೆ ದಬ ದಬ ದಬ ಅಂತ ಒತ್ತಿದಂಗೆ ಆಗತ್ತೆ, ಮುಂದೆ ಏಳೋ ಜಾಲರಿ ಪಟ್ಟಿ ಇರೋದೇ ಅದನ್ನ ಕಮ್ಮಿ ಮಾಡೋಕೆ, ಆದ್ರೂ ಪೂರ್ತಿ ಹೋಗಲ್ಲ. ಹಿಂದಿನ ಕಿಟಕಿ ಎರಡು ಬೆರಳು ಇಳ್ಸಿದ್ರೆ ನಿಲ್ಲತ್ತೆ. ಶೇಡ್ ಮುಚ್ಚಿದ್ರೂ ಮೇ ತಿಂಗ್ಳಲ್ಲಿ ತಲೆ ಮೇಲಿನ ಜಾಗ ಬೇರೆ ಗಾಡಿಗಿಂತ ಬಿಸಿ ಅನ್ಸತ್ತೆ. ಎತ್ತರ ಇರೋವ್ರು ಹಿಂದಿನ ಸೀಟಲ್ಲಿ ಕೂತು ನೋಡಿಯೇ ತಗೊಳ್ಳಿ, ಆ ಫ್ರೇಮು ರೂಫಿನ ಅಡಿ ಒಂದಷ್ಟು ಜಾಗ ತಿಂದಿರತ್ತೆ.

ಭಾವನ ಗಾಡೀಲಿ ಪನೋರಮಿಕ್ ಇದೆ. ಹಿಂದೆ ಕೂತ ಅಕ್ಕನ ಮಕ್ಕಳಿಗೆ ಹಬ್ಬ, ನಿಜ. ಆದ್ರೆ ಅಷ್ಟುದ್ದ ಗಾಜಲ್ಲಿ ತೆಗೆಯೋದು ಮುಂದಿನ ಭಾಗ ಮಾತ್ರ, ಹಿಂದಿಂದು ಫಿಕ್ಸು, ಜೊತೆಗೆ ಬಟ್ಟೆ ಶೇಡಿಗೆ ಬೇರೆ ಮೋಟರು, ಬೇರೆ ಕೇಬಲ್ಲು. ಕೆಡೋಕೆ ಇನ್ನೊಂದು ಸೆಟ್ ಸಾಮಾನು. ನಾನಾದ್ರೆ ಮತ್ತೆ ಚಿಕ್ಕದನ್ನೇ ತಗೋತೀನಿ.

ತಲೆ ಹೊರಗೆ ಹಾಕಿ ನಿಲ್ಲೋದು ದಯವಿಟ್ಟು ಬೇಡ. 2025ರಲ್ಲಿ ಬೆಂಗಳೂರಲ್ಲೇ ಸನ್‌ರೂಫಿಂದ ಎದ್ದು ನಿಂತಿದ್ದ ಹುಡುಗನ ತಲೆ ರಸ್ತೆ ಮೇಲಿನ ಹೈಟ್ ಬ್ಯಾರಿಯರಿಗೆ ಬಡಿದ ವಿಡಿಯೋ ಎಲ್ರೂ ನೋಡಿದೀವಿ. ಇನ್ನು ಸನ್‌ರೂಫ್ ಇಲ್ದಿರೋ ಗಾಡಿಗೆ ರೂಫ್ ಕತ್ತರ್ಸಿ ಹಾಕ್ಸೋ ಆಸೆ ಇದ್ರೆ ಅದನ್ನೂ ಬಿಡಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ವಿನ್ಯಾಸ ಹಂಗೆಲ್ಲಾ ಬದಲಾಯ್ಸೋ ಹಂಗಿಲ್ಲ, ಕತ್ತರ್ಸಿದ ರೂಫಿನ ಬಲದ ಕಥೆ ಅದರ ಮೇಲೆ.

ಸೆಕೆಂಡ್ ಹ್ಯಾಂಡಲ್ಲಿ ಸನ್‌ರೂಫ್ ಗಾಡಿ ನೋಡೋವ್ರು ಮೊದ್ಲು ಎಲ್ಲಾ ಗಾಜು ಮುಚ್ಚಿ ಒಳಗೆ ಕೂತು ಮೂಸಿ. ಪರ್ಫ್ಯೂಮ್ ಘಮ್ಮಂತಿದ್ರೆ ಅನುಮಾನ ಪಡಿ. ಮುಂದಿನ ಕಂಬದ ಮೇಲ್ತುದೀಲಿ ರೂಫಿನ ಬಟ್ಟೆ ಮೇಲೆ ಹಳದಿ ಕಲೆ ಇದೆಯಾ, ಡ್ರೈವರ್ ಮ್ಯಾಟ್ ಎತ್ತಿ ಕಾರ್ಪೆಟ್ ಕೆಳಗೆ ಕೈ ಹಾಕಿದ್ರೆ ತೇವ ಇದೆಯಾ ನೋಡಿ. ಆಮೇಲೆ ಇಂಜಿನ್ ಆನ್ ಮಾಡಿ ಹಾಡು, ಎಸಿ ಎರಡೂ ಆಫ್ ಮಾಡ್ಸಿ, ಟಿಲ್ಟ್, ಮುಚ್ಚು, ಪೂರ್ತಿ ತೆಗಿ, ಪೂರ್ತಿ ಮುಚ್ಚು, ಹಿಂಗೆ ಒಂದ್ ಸುತ್ತು ನೀವೇ ಮಾಡಿ, ಮಾರೋವ್ನ ಕೈಗೆ ಸ್ವಿಚ್ ಕೊಡ್ಬೇಡಿ. ಒಂದೇ ವೇಗದಲ್ಲಿ ಹೋಗಿ ಬಂದ್ರೆ ಸರಿ. ಮಧ್ಯ ಎಲ್ಲಾದ್ರೂ ತಿಣುಕಿದ್ರೆ ರೈಲು ಕೊಳೆ ಅಂತ ತಿಳ್ಕೊಂಡು ರೇಟ್ ಇಳ್ಸಿ, ಕಟಕಟ ಅಂದ್ರೆ ಆ ಗಾಡಿ ಬಿಟ್ಟು ಬೇರೆ ನೋಡಿ.