ಸಹಾಯಧನ ಕಳೆದು ಸೋಲಾರ್ ಬೆಲೆ ಹೇಳುವವರ ಬಗ್ಗೆ ಎಚ್ಚರ

ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗೆ ಸೋಲಾರ್ ಹಾಕಿಸಲು ಹೊರಟವರು ಮುಂಗಡ ಕೊಡುವ ಮುನ್ನ ದಯವಿಟ್ಟು ಇದನ್ನು ಓದಿ. ಸಹಾಯಧನ ಇರುವುದು ನಿಜ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಘಟಕ ಇನ್ನೂ ದೊಡ್ಡದಾದರೂ 78,000ಕ್ಕಿಂತ ಹೆಚ್ಚು ಸಿಗುವುದಿಲ್ಲ. ಆದರೆ ಈ ಹಣ ಬರುವುದು ಎಲ್ಲ ಮುಗಿದ ಮೇಲೆ: ಪ್ಯಾನೆಲ್ ಕೂರಿಸಿ, ಲೈನಿನಿಂದ ಬರುವ, ಲೈನಿಗೆ ಹೋಗುವ ಎರಡೂ ಕರೆಂಟನ್ನು ಅಳೆಯುವ ನೆಟ್ ಮೀಟರ್ ಅಳವಡಿಸಿ, ವಿದ್ಯುತ್ ಕಂಪನಿಯ ಪರಿಶೀಲನೆಯಾಗಿ, ಘಟಕ ಚಾಲನೆಗೊಂಡ ವರದಿ ಯೋಜನೆಯ ಪೋರ್ಟಲ್ ಸೇರಿದ ನಂತರ. ಅದೂ ಅರ್ಜಿದಾರರ ಬ್ಯಾಂಕ್ ಖಾತೆಗೇ ಬರುತ್ತದೆ, ಏಜೆನ್ಸಿಗಲ್ಲ.

ನಮ್ಮ ಮನೆಗೆ ಬಂದ ಏಜೆನ್ಸಿಯವರು ಕೊಟೇಶನ್‌ನಲ್ಲಿ 78,000 ರೂಪಾಯಿಯನ್ನು ಮೊದಲೇ ಕಳೆದು, ಉಳಿದ ಮೊತ್ತವನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿದ್ದರು. ‘ಸಬ್ಸಿಡಿಯ ಓಡಾಟ ನಮಗೆ ಬಿಡಿ’ ಎಂದು ಅಪ್ಪನಿಗೆ ಭರವಸೆ ಕೊಟ್ಟರು. ಕೊಡಬೇಕಾದದ್ದು ಮಾತ್ರ ಪೂರ್ತಿ ಬೆಲೆ. ಬ್ಯಾಂಕ್ ಸಾಲ ಮಂಜೂರಾಗಿ, ಹಣ ನೇರವಾಗಿ ಏಜೆನ್ಸಿಯ ಖಾತೆಗೆ ಹೋಯಿತು. ಪ್ಯಾನೆಲ್‌ಗಳು ತಾರಸಿ ಏರಿದವು, ಮೀಟರ್ ತಿರುಗಿತು, ಕಂತು ಶುರುವಾಯಿತು. ಸಹಾಯಧನ ಮಾತ್ರ ಬರಲಿಲ್ಲ.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಈ ಯೋಜನೆಯಲ್ಲಿ ಸಹಾಯಧನ ಸಿಗಬೇಕಾದರೆ ಪ್ಯಾನೆಲ್ ಅಷ್ಟೇ ಅಲ್ಲ, ಅದರೊಳಗೆ ಬಿಸಿಲನ್ನು ಕರೆಂಟಾಗಿಸುವ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ವ್ಯಾಪಾರದ ಮಾತಿನಲ್ಲಿ ಇದಕ್ಕೆ ಡಿಸಿಆರ್ ಪ್ಯಾನೆಲ್ ಎನ್ನುತ್ತಾರೆ. ವಿದೇಶಿ ಸೆಲ್ ತಂದು ಇಲ್ಲಿ ಜೋಡಿಸಿದ ಪ್ಯಾನೆಲ್ ಅಗ್ಗ, ನೋಡಲು ವ್ಯತ್ಯಾಸವೇ ಕಾಣುವುದಿಲ್ಲ, ಕರೆಂಟೂ ಕೊಡುತ್ತದೆ. ನಮಗೆ ಹಾಕಿದ್ದು ಅದನ್ನೇ. ಡಿಸಿಆರ್ ದರ ಹೇಳಿ ಅಗ್ಗದ ಮಾಲು ಕೂರಿಸಿ ನಡುವಿನ ಲಾಭ ಅವರು ಹೊಡೆದುಕೊಂಡರು, ಸಹಾಯಧನದ ನಷ್ಟ ಅಪ್ಪನ ತಲೆಗೆ ಬಂತು. ‘ಸ್ಟಾಕ್ ಇರಲಿಲ್ಲ, ಕರೆಂಟು ಬರುತ್ತಿದೆಯಲ್ಲ’ ಎಂಬ ಉತ್ತರದ ನಂತರ ಫೋನ್ ಎತ್ತುವುದನ್ನೂ ನಿಲ್ಲಿಸಿದರು. ಪಿಂಚಣಿಯಲ್ಲಿ ಬದುಕುವ ಮನುಷ್ಯನಿಗೆ 78,000 ರೂಪಾಯಿ ಸಣ್ಣ ಮೊತ್ತವಲ್ಲ. ಅವರು ಕಂತು ಕಟ್ಟುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಪ್ಯಾನೆಲ್‌ಗಳನ್ನು ತಾರಸಿಗೆ ಏರಿಸುವ ಮೊದಲೇ ಪ್ರತಿಯೊಂದರ ಕ್ರಮಸಂಖ್ಯೆಯ ಫೋಟೋ ತೆಗೆದುಕೊಳ್ಳಿ, ಅದೇ ಸಂಖ್ಯೆಗಳಿರುವ ಡಿಸಿಆರ್ ಪ್ರಮಾಣಪತ್ರ ಕೇಳಿ. ಚೌಕಟ್ಟಿಗೆ ಬಿಗಿದ ಮೇಲೆ ಹಿಂಬದಿಯ ಚೀಟಿ ಓದುವುದು ಕಷ್ಟ. ಸಾಲವಾದರೆ ಹಣವನ್ನು ಹಂತಹಂತವಾಗಿ ಬಿಡುಗಡೆ ಮಾಡಲು ಸಾಧ್ಯವೇ ಎಂದು ಬ್ಯಾಂಕಿನಲ್ಲಿ ಮೊದಲೇ ಮಾತನಾಡಿ. ಸ್ವಂತ ಹಣವಾದರೆ ಮೀಟರ್ ಪರಿಶೀಲನೆ ಮುಗಿಯುವವರೆಗೆ ಒಂದು ಭಾಗವನ್ನು ಕೈಯಲ್ಲೇ ಇಟ್ಟುಕೊಳ್ಳಿ. ಪೋರ್ಟಲ್‌ನ ಪಟ್ಟಿಯಲ್ಲಿ ಇಲ್ಲದ ಏಜೆನ್ಸಿಯ ಮೂಲಕ ಹಾಕಿಸಿದರೆ ಸಹಾಯಧನದ ಮಾತೇ ಇಲ್ಲ. ಅರ್ಜಿಯನ್ನು ನಿಮ್ಮ ಮೊಬೈಲ್ ಸಂಖ್ಯೆಯಿಂದಲೇ ಹಾಕಿ, ಒಟಿಪಿಯನ್ನು ಯಾರಿಗೂ ಹೇಳಬೇಡಿ. ವಿದ್ಯುತ್ ಬಿಲ್ಲು ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲಿದ್ದರೆ ಮೊದಲು ಅದನ್ನು ಬದಲಿಸಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಹಾಗೆಯೇ ಉಳಿದಿರುತ್ತದೆ.

ಇನ್ನೆರಡು ಮಾತುಗಳನ್ನೂ ನಂಬಬೇಡಿ. ‘ಕರೆಂಟು ಹೋದರೂ ಮನೆ ಬೆಳಗುತ್ತದೆ’ ಎನ್ನುತ್ತಾರೆ. ಬ್ಯಾಟರಿ ಇಲ್ಲದ ನೆಟ್ ಮೀಟರ್ ವ್ಯವಸ್ಥೆ, ಲೈನಿನಲ್ಲಿ ಕೆಲಸ ಮಾಡುವವರ ಸುರಕ್ಷತೆಗಾಗಿ, ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ‘300 ಯೂನಿಟ್ ಸರ್ಕಾರ ಉಚಿತವಾಗಿ ಕೊಡುತ್ತದೆ’ ಎನ್ನುತ್ತಾರೆ. ಆ ಯೂನಿಟ್‌ಗಳನ್ನು ಉತ್ಪಾದಿಸಬೇಕಾದದ್ದು ನಿಮ್ಮ ತಾರಸಿಯ ಪ್ಯಾನೆಲ್‌ಗಳೇ. ಮಳೆಗಾಲದಲ್ಲಿ ಅಷ್ಟು ಬರುವುದಿಲ್ಲ.

ನಾವು ಪೋರ್ಟಲ್‌ನಲ್ಲಿ ದೂರು ದಾಖಲಿಸಿದ್ದೇವೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಿದ್ದೇವೆ. ನಮ್ಮ ಕೈಯಲ್ಲಿರುವ ಆಧಾರವೆಂದರೆ ಆ ಮೊದಲ ಕೊಟೇಶನ್ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳು. ನಿಮ್ಮ ಬಳಿ ಅಂಥವು ಇದ್ದರೆ, ಕೆಲಸ ಮುಗಿಯಿತೆಂದು ಅಳಿಸಿಹಾಕಬೇಡಿ.