ತಾರ್ ಬೇಟೆಗೆ ಮೂರು ಕೋವಿ: ಬೆಟ್ಟ ಹತ್ತಿಸಿ ನೋಡಿದ ಹೋಲಿಕೆ

ಕ್ರೈಸ್ಟ್‌ಚರ್ಚ್‌ನ ನಮ್ಮ ಮನೆಯ ಗ್ಯಾರೇಜಿನ ತೊಲೆಗೆ ಒಂದು ಕೊಕ್ಕೆಯ ತಕ್ಕಡಿ ನೇತುಹಾಕಿದ್ದೇನೆ. ಊರಿಗೆ ಹೊರಡುವಾಗ ಸೂಟ್‌ಕೇಸು ತೂಗಲೆಂದು ತಂದದ್ದು. ಕಳೆದ ಎರಡು ಚಳಿಗಾಲಗಳಲ್ಲಿ ಅದಕ್ಕೆ ಸೂಟ್‌ಕೇಸಿಗಿಂತ ಹೆಚ್ಚು ಸಲ ತೂಗಿಬಿದ್ದವು ಮೂರು ಕೋವಿಗಳು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಬೆಟ್ಟಗಳಲ್ಲಿ ತಾರ್ ಎಂಬ ಕಾಡುಮೇಕೆಯಂಥ ಪ್ರಾಣಿಯ ಬೇಟೆ ಶುರುಮಾಡಬೇಕೆನ್ನುವ ನಮ್ಮವರು ನನ್ನನ್ನು ಮೊದಲು ಕೇಳುವುದು, "ಎಷ್ಟು ಹಗುರದ ರೈಫಲ್ ತೆಗೆದುಕೊಳ್ಳಲಿ?" ಎಂದೇ. ನಾನೂ ಅದೇ ಪ್ರಶ್ನೆ ಹಿಡಿದು ಹೊರಟವನು. ಮೂರನ್ನೂ ಹೊತ್ತು ಹತ್ತಿದ ಮೇಲೆ ಪ್ರಶ್ನೆಯೇ ಬದಲಾಯಿತು.

ಕೊಡಗಿನ ಮನೆಯಲ್ಲಿ ಹುಟ್ಟಿದವನಿಗೆ ಕೋವಿ ಹೊಸದಲ್ಲ. ಸೆಪ್ಟೆಂಬರಿನಲ್ಲಿ ಬರುವ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಅಜ್ಜ ತಮ್ಮ ಜೋಡು ನಳಿಗೆಯ ಕೋವಿಯನ್ನು ಒರೆಸಿ, ದೀಪದ ಮುಂದಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸುತ್ತಿದ್ದರು. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಆದರೆ ಅದು ಹಬ್ಬದ ಕೋವಿ, ತೋಟ ಕಾಯುವ ಕೋವಿ. ಶಿಕಾರಿಯ ಮಾತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿದಿತ್ತು, ಮುಗಿದದ್ದು ಒಳ್ಳೆಯದೇ ಆಯಿತು. ಕೇರಳದ ಇರವಿಕುಳಂನ ಹುಲ್ಲುಗಾವಲಿನಲ್ಲಿ ನೀಲಗಿರಿ ತಾರ್‌ಗಳನ್ನು ಹತ್ತಿರದಿಂದ ನೋಡಿದ ಯಾರಿಗೂ ಅದು ಗೊತ್ತಾಗುತ್ತದೆ.

ಇಲ್ಲಿನ ಕಥೆ ಬೇರೆ. ನ್ಯೂಜಿಲೆಂಡಿನಲ್ಲಿ ಬಾವಲಿಗಳ ಹೊರತು ಮೂಲದ ನೆಲ ಸಸ್ತನಿಯೇ ಇರಲಿಲ್ಲ. 1904ರಲ್ಲಿ ಹಿಮಾಲಯದ ತಾರ್‌ಗಳನ್ನು ಔರಾಕಿ ಮೌಂಟ್ ಕುಕ್ ಬೆಟ್ಟದ ಬಳಿ ತಂದು ಬಿಟ್ಟರು. ಮೇಯುವ ಸಸ್ತನಿಯ ಬಾಯಿಯನ್ನು ಎಂದೂ ಕಂಡಿರದ ಎತ್ತರದ ಹುಲ್ಲು, ಹೂಗಿಡಗಳ ನಡುವೆ ಅವು ಬೆಳೆದು ಹರಡಿದವು. 1993ರ ನಿಯಂತ್ರಣ ಯೋಜನೆ ಅವುಗಳ ಸಂಖ್ಯೆಗೆ 10,000ದ ಮಿತಿ ಹಾಕಿದೆ. ಸಂರಕ್ಷಣಾ ಇಲಾಖೆಯೇ ಬೇಟೆಗಾರರಿಗೆ ಉಚಿತವಾಗಿ ಅನುಮತಿ ಪತ್ರ ಕೊಡುತ್ತದೆ, ಹೆಣ್ಣುಗಳನ್ನು ಹೆಚ್ಚು ಹೊಡೆಯಿರಿ ಎಂದು ಕೇಳಿಕೊಳ್ಳುತ್ತದೆ. ಮಾಂಸ ನಮ್ಮ ಮನೆಗೆ ಬರುತ್ತದೆ. ಕೊಡಗಿನ ಹುಳಿಯಾದ ಕಾಚಂಪುಳಿ ಹಾಕಿ ಬೇಯಿಸಿದರೆ ಹಂದಿ ಕರಿಯ ನೆನಪು ಸ್ವಲ್ಪ ಮಟ್ಟಿಗೆ ತೀರುತ್ತದೆ.

ತಾರ್ ಇರುವ ಜಾಗ ಹೇಗಿದೆ ಎಂದು ಹೇಳದೆ ಕೋವಿಯ ತೂಕ ಹೇಳಿ ಪ್ರಯೋಜನವಿಲ್ಲ. ನಾನು ಹೋಗುವುದು ಹೆಚ್ಚಾಗಿ ಓಹಾವ್ ಸರೋವರದ ಮೇಲಿನ ಹಾಪ್‌ಕಿನ್ಸ್ ಕಣಿವೆಗೆ. ಅಗಲವಾದ ಕಲ್ಲುಹಾಸಿನ ನದಿ, ದಡದಲ್ಲಿ ಮಟಗೌರಿಯ ಮುಳ್ಳುಪೊದೆ, ಅದರ ಮೇಲೆ ಬೀಚ್ ಮರಗಳ ಕಾಡು, ಕಾಡಿನಾಚೆ ಸೊಂಟದೆತ್ತರದ ಹುಲ್ಲು, ಕೊನೆಗೆ ಬರೀ ಜಾರುಗಲ್ಲು ಮತ್ತು ಬಂಡೆ. ತಾರ್ ಇರುವುದು ಆ ಕೊನೆಯ ಎರಡರಲ್ಲಿ. ಬೇಟೆಗಾರರು ತಂಗುವ ಗುಡಿಸಲಿನಿಂದ ಬೆಳಗಿನ ಜಾವ ಹೊರಟರೆ ಸಾವಿರ ಮೀಟರು ಏರುವುದು ಸಾಮಾನ್ಯ. ಬೆನ್ನಿನ ಮೇಲೆ ಹನ್ನೆರಡು ಹದಿನೈದು ಕಿಲೋ. ಇಲ್ಲಿ ಅರ್ಧ ಕಿಲೋ ಎಂದರೆ ಅರ್ಧ ಕಿಲೋವೇ. ಅಲಕ್ಷ್ಯ ಮಾಡುವ ಮಾತಲ್ಲ.

ಮೊದಲನೆಯದು ನೆರೆಮನೆಯ ಹಿರಿಯರೊಬ್ಬರು ಕೊಟ್ಟ ಹಳೆಯ .270 ವಿಂಚೆಸ್ಟರ್ ರೈಫಲ್ (ಈ ಅಂಕಿ, ಹೆಸರು ಅದಕ್ಕೆ ಹಾಕುವ ತೋಟಾದ್ದು). ಆಕ್ರೋಡು ಮರದ ಹಿಡಿ, ಕಪ್ಪಾದ ಉಕ್ಕಿನ ನಳಿಗೆ, ತೊಗಲಿನ ಪಟ್ಟಿ. ಆ ತೋಟಾ 1925ರಿಂದ ಬಳಕೆಯಲ್ಲಿದೆ, ಬೆಟ್ಟದ ಬೇಟೆಗೆ ಇಂದಿಗೂ ಏನೂ ಕೊರತೆ ಇಲ್ಲ. ಗುರಿ ಹಿಡಿಯಲು ಮೇಲೆ ಕೂರಿಸುವ ದೂರದರ್ಶಕ, ಅಂದರೆ ಹಳೆಯ ಭಾರದ ಸ್ಕೋಪ್, ಪಟ್ಟಿ, ನಾಲ್ಕು ತೋಟಾ ಎಲ್ಲ ಸೇರಿ ನನ್ನ ತಕ್ಕಡಿಯಲ್ಲಿ 4.45 ಕಿಲೋ.

ಎರಡನೆಯದು ನಾನೇ ಆಸೆಪಟ್ಟು ಕೊಂಡ ಅತಿ ಹಗುರದ ರೈಫಲ್, .308 ತೋಟಾದ್ದು. ಕಾರ್ಬನ್ ನಾರಿನ ಹಿಡಿ, ಪೆನ್ಸಿಲಿನಂತೆ ಸಣ್ಣ ನಳಿಗೆ, ತೋಟಾ ಏರಿಸಲು ಹಿಂದೆ ಮುಂದೆ ಎಳೆಯುವ ಬೋಲ್ಟಿಗೆ ಸಹ ತೂಕ ಕಳೆಯಲೆಂದು ಗೀರು ಕೊರೆದಿದ್ದಾರೆ. ಬರಿಯ ಕೋವಿ 2.3 ಕಿಲೋ. ತಯಾರಕರ ಹೆಸರು ಬೇಡ. ನಾನು ಕಂಡ ತೊಡಕು ಈ ಜಾತಿಯ ಎಲ್ಲ ಕೋವಿಗಳದ್ದು.

ಮೂರನೆಯದು ಫಿನ್‌ಲೆಂಡಿನ ರೀಹಿಮಾಕಿಯಲ್ಲಿ ಸಾಕೋ ಕಾರ್ಖಾನೆ ಮಾಡುವ ಟಿಕ್ಕಾ ಟಿ3ಎಕ್ಸ್ ಲೈಟ್, 7ಎಂಎಂ-08 ತೋಟಾದ್ದು. ಈ ತೋಟಾ .308ರ ಕವಚವನ್ನೇ ಕುತ್ತಿಗೆಯಲ್ಲಿ ಕಿರಿದು ಮಾಡಿ ಮಾಡಿದ್ದು. ಬರಿಯ ಕೋವಿ ಸುಮಾರು 2.8 ಕಿಲೋ. ಬೆಲೆ ಎರಡನೆಯದರ ಅರ್ಧಕ್ಕಿಂತ ಕಡಿಮೆ.

ಎರಡು ಮತ್ತು ಮೂರಕ್ಕೆ ನಾನು ಒಂದೇ ಬಗೆಯ 350 ಗ್ರಾಂ ಸ್ಕೋಪ್, ಒಂದೇ ಸೈಲೆನ್ಸರ್ ಹಾಕಿ ನೋಡಿದೆ. ಸೈಲೆನ್ಸರ್ ಎಂದ ಕೂಡಲೇ ನಮ್ಮವರಿಗೆ ಸಿನಿಮಾದ ಕೊಲೆಗಾರ ನೆನಪಾಗುತ್ತಾನೆ. ಇಲ್ಲಿ ಅದು ಕಾನೂನುಬದ್ಧ, ಕಿವಿ ಉಳಿಸಿಕೊಳ್ಳಲು ಬೇಟೆಗಾರರಲ್ಲಿ ಬಹಳ ಮಂದಿ ಬಳಸುತ್ತಾರೆ. ಎಲ್ಲ ಸೇರಿ ಒಂದು 3.3, ಇನ್ನೊಂದು 3.8 ಕಿಲೋ. ಅಂದರೆ ಅತಿ ಹಗುರದ್ದಕ್ಕೂ ಟಿಕ್ಕಾಗೂ ಇರುವ ಅಂತರ ಒಂದು ಅರ್ಧ ಲೀಟರ್ ನೀರಿನ ಬಾಟಲಿ. ಅಂಗಡಿಯಲ್ಲಿ ಬರಿಯ ಕೋವಿಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದಾಗ ಈ ಅಂತರ ಬೆಟ್ಟದಷ್ಟು ಕಾಣುತ್ತದೆ. ಅಲ್ಲಿಯೇ ಹಣ ಕೊಟ್ಟುಬಿಡುತ್ತೇವೆ. ನಾನು ಕೊಟ್ಟೆ.

ಹತ್ತುವಾಗ ಅತಿ ಹಗುರದ ಕೋವಿಯಷ್ಟು ಸುಖ ಮತ್ತೊಂದಿಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ಚೀಲದ ಪಕ್ಕಕ್ಕೆ ಕಟ್ಟಿದರೆ ಅದೊಂದು ಇದೆ ಎಂದೇ ಮರೆತುಹೋಗುತ್ತದೆ. ಹಿಮ ಕಟ್ಟಿದ ಕಡಿದಾದ ಜಾಗದಲ್ಲಿ ಒಂದು ಕೈ ಬಂಡೆಗೆ, ಒಂದು ಕೈ ಕೋವಿಗೆ ಕೊಡಬೇಕಾದಾಗ ಆ ಹಗುರ ಜೀವಕ್ಕೆ ಧೈರ್ಯ. .270 ಅಂಥ ಜಾಗದಲ್ಲಿ ಬಲಗಡೆಗೆ ಎಳೆಯುತ್ತಿತ್ತು. ಎರಡನೆಯ ದಿನಕ್ಕೆ ಪಟ್ಟಿ ಹೆಗಲಿನ ಮೇಲೆ ಕೆಂಪು ಗೆರೆ ಮೂಡಿಸಿತ್ತು.

ಆದರೆ ಕೋವಿಯ ಕೆಲಸ ಹತ್ತುವುದಲ್ಲ. ಮೇ ತಿಂಗಳ ಕೊನೆಯ ವಾರ, ಗಂಡು ತಾರ್‌ಗಳು ಕತ್ತಿನ ಸುತ್ತ ಜೇನುಬಣ್ಣದ ಕೇಸರ ಬಿಟ್ಟುಕೊಂಡು ಹೆಣ್ಣುಗಳ ಹಿಂಡಿಗೆ ಸೇರುವ ಹೊತ್ತು. ನಾನು ಮತ್ತು ಹಾಸನ ಮೂಲದ ಗೆಳೆಯ ನಾಲ್ಕು ಗಂಟೆ ಹತ್ತಿ ಒಂದು ದಿಣ್ಣೆಯ ಅಂಚಿಗೆ ಬಂದೆವು. ಎದುರಿನ ಬಂಡೆಯ ಮೇಲೆ ಗಂಡೊಂದು ನಿಂತಿತ್ತು, ಅಳತೆ ಯಂತ್ರದಲ್ಲಿ 240 ಮೀಟರು. ಚೀಲವನ್ನು ಮುಂದಿಟ್ಟು ಮಲಗಿದೆ. ಎದೆ ಇನ್ನೂ ಬಡಿದುಕೊಳ್ಳುತ್ತಿತ್ತು, ಉಸಿರಿನ ಹಬೆ ಸ್ಕೋಪಿನ ಗಾಜಿಗೆ ಮುಸುಕುತ್ತಿತ್ತು. ಗುರಿಯ ಗೆರೆ ಪ್ರಾಣಿಯ ಮುಂಗಾಲಿನಿಂದ ಬೆನ್ನಿಗೆ, ಬೆನ್ನಿನಿಂದ ಆಕಾಶಕ್ಕೆ ಕುಣಿಯುತ್ತಿತ್ತು. ಹಗುರದ ನಳಿಗೆಗೆ ನನ್ನ ನಾಡಿಯ ಪ್ರತಿಯೊಂದು ಬಡಿತವೂ ಗೊತ್ತಾಗುತ್ತದೆ, ತಡೆದು ನಿಲ್ಲಿಸುವ ತೂಕ ಅದರ ಮೂತಿಯಲ್ಲಿ ಇಲ್ಲ. ಕಾಯಬೇಕಿತ್ತು. ಕಾಯದೆ ಟ್ರಿಗರ್ ಎಳೆದೆ.

ಕೋವಿ ಒದ್ದ ಒದೆತಕ್ಕೆ ಸ್ಕೋಪಿನೊಳಗೆ ಬರೀ ಆಕಾಶ. ಕಣ್ಣು ಮರಳಿ ಬಂಡೆಗೆ ಬರುವಷ್ಟರಲ್ಲಿ ಅಲ್ಲಿ ಏನೂ ಇರಲಿಲ್ಲ. "ಬೆನ್ನಿನ ಮೇಲಿಂದ ಹೋಯಿತು, ತಗುಲಿಲ್ಲ" ಎಂದ ದುರ್ಬೀನು ಹಿಡಿದಿದ್ದ ಗೆಳೆಯ. ಆತನ ಮಾತಿನಲ್ಲಿ ನಂಬಿಕೆ ಇದ್ದರೂ ನಾವು ಕಣಿವೆ ಇಳಿದು, ಆ ಬಂಡೆ ಹತ್ತಿ, ಎರಡು ಗಂಟೆ ಕಲ್ಲು ಕಲ್ಲಿನ ಮೇಲೂ ರಕ್ತ ಹುಡುಕಿದೆವು. ಒಂದು ಹನಿಯೂ ಇರಲಿಲ್ಲ. ಗಾಯಗೊಂಡ ಪ್ರಾಣಿಯೊಂದು ಎಲ್ಲೋ ಬಂಡೆಯ ಸಂದಿಯಲ್ಲಿ ನರಳುತ್ತಿರಬಹುದು ಎಂಬ ಆ ಎರಡು ಗಂಟೆಗಳನ್ನು ನಾನು ಮರೆತಿಲ್ಲ.

ಒದೆತದ ಲೆಕ್ಕ ಸರಳ. ಒಂದೇ ತೋಟಾವನ್ನು ಎರಡು ಕೋವಿಗಳಿಂದ ಹಾರಿಸಿದರೆ ಒದೆತದ ಶಕ್ತಿ ಕೋವಿಯ ತೂಕಕ್ಕೆ ವಿಲೋಮ: ತೂಕ ಅರ್ಧವಾದರೆ ಒದೆತ ಎರಡರಷ್ಟು. ಹೆಗಲು ಅದನ್ನು ತಾಳಿಕೊಳ್ಳುತ್ತದೆ, ನನಗೆ ನೋವಿನ ದೂರಿಲ್ಲ. ಈಡು ಬಿದ್ದ ಕ್ಷಣ ಕಣ್ಣು ಕುರುಡಾಗುವುದೇ ನಿಜವಾದ ನಷ್ಟ. ಗುಂಡು ತಗುಲಿತೇ, ಎಲ್ಲಿ ತಗುಲಿತು, ಪ್ರಾಣಿ ಯಾವ ಕಡೆಗೆ ತಿರುಗಿತು, ಎರಡನೆಯ ಈಡು ಬೇಕೇ ಎಂಬುದೆಲ್ಲ ಆ ಒಂದು ಕ್ಷಣದಲ್ಲಿ ಕಾಣಬೇಕು. ಒಬ್ಬನೇ ಹೋಗುವವನಿಗಂತೂ ದುರ್ಬೀನು ಹಿಡಿದ ಗೆಳೆಯನೂ ಇರುವುದಿಲ್ಲ.

ಬಯಲಿನ ಗುರಿ ಅಭ್ಯಾಸದ ಮೈದಾನದಲ್ಲಿ ಈ ದೋಷ ಬಯಲಾಗಲೇ ಇಲ್ಲ ಎಂಬುದನ್ನು ಗಮನಿಸಿ. ಮೇಜಿನ ಮೇಲೆ ಮರಳುಚೀಲಕ್ಕೆ ಒರಗಿಸಿ ಹೊಡೆದರೆ ಅತಿ ಹಗುರದ್ದು ನೂರು ಮೀಟರಿನಲ್ಲಿ ಮೂರು ಗುಂಡುಗಳನ್ನು ಒಂದು ರೂಪಾಯಿ ನಾಣ್ಯದಗಲದಲ್ಲಿ ಕೂರಿಸುತ್ತಿತ್ತು. ನಾಲ್ಕನೆಯದಕ್ಕೆ ಸಣ್ಣ ನಳಿಗೆ ಕಾದು ಗುಂಡು ಪಕ್ಕಕ್ಕೆ ಸರಿಯುತ್ತಿತ್ತು, ಆದರೆ ಬೇಟೆಯಲ್ಲಿ ನಾಲ್ಕನೆಯದಕ್ಕೆ ಏನು ಕೆಲಸ? ಹಾಗಾಗಿ ಮೂರಕ್ಕೂ ಬೇರೆ ಪರೀಕ್ಷೆ ಇಟ್ಟೆ. ಗೆಳೆಯನ ಪರಿಚಯದ ಕುರಿಗಾವಲಿನವರ ಜಮೀನಿನ ಗುಡ್ಡವನ್ನು ಬೆನ್ನಿಗೆ ಹದಿನೈದು ಕಿಲೋ ಹೊತ್ತು ಬಿರುಸಾಗಿ ಹತ್ತುವುದು, ತುದಿಯಲ್ಲಿ ಚೀಲ ಇಳಿಸಿ ಅದರ ಮೇಲೇ ಕೋವಿ ಒರಗಿಸಿ, ಒಂದು ನಿಮಿಷದೊಳಗೆ 200 ಮೀಟರಿನ ಹಲಗೆಗೆ ಮೂರು ಗುಂಡು. ಕೋವಿಗೆ ಮೂರು ಸಲ, ಬೇರೆ ಬೇರೆ ದಿನ. .270 ಮತ್ತು ಟಿಕ್ಕಾ ಎರಡೂ ತಮ್ಮ ಗುಂಡುಗಳನ್ನು ಅಂಗೈಯಗಲದಲ್ಲಿ ಇಟ್ಟವು. ಅತಿ ಹಗುರದ್ದು ಒಂದು ಗೇಣಿಗೆ ಹರಡಿತು, ಒಮ್ಮೆ ಗೇಣನ್ನೂ ಮೀರಿತು. ತಾರ್‌ನ ಎದೆಯ ಗೂಡು ಗೇಣಿಗಿಂತ ಸ್ವಲ್ಪವೇ ದೊಡ್ಡದು.

ಹಾಗಾದರೆ ಭಾರದ ಕೋವಿಯೇ ಸರಿ ಎಂದಲ್ಲ. .270 ಬೆಚ್ಚಗಿನ ಕೋವಿ. ಹಿಮ ಬಿದ್ದ ಬೆಳಿಗ್ಗೆ ಮರದ ಹಿಡಿಯನ್ನು ಬರಿಗೈಯಲ್ಲಿ ಹಿಡಿಯಬಹುದು, ಕೆನ್ನೆಗೆ ಒತ್ತಿದರೆ ಅಜ್ಜನ ಕೋವಿಯ ಎಣ್ಣೆ ವಾಸನೆಯೇ ಬರುತ್ತದೆ. ಒಮ್ಮೆ ನೆಲೆ ಹಿಡಿದರೆ ಕದಲದು. ಆದರೆ ವಾಯವ್ಯದ ಗಾಳಿ ಮಳೆ ಹೊತ್ತು ಬಂದು ಎರಡು ದಿನ ಸುರಿದಾಗ ಮರ ನೀರು ಕುಡಿದು ಉಬ್ಬಿ ನಳಿಗೆಯನ್ನು ಒತ್ತಿತು. ಮೂರನೆಯ ದಿನ ಒಂದು ಕಲ್ಲಿಗೆ ಗುರಿಯಿಟ್ಟು ಪರೀಕ್ಷಿಸಿದಾಗ ಗುಂಡು ಒಂದು ಅಡಿ ಎಡಕ್ಕೆ ಬಿತ್ತು. ಪರೀಕ್ಷಿಸದೆ ಹೋಗಿದ್ದರೆ? ಜೊತೆಗೆ ರಾತ್ರಿ ಗುಡಿಸಲಿನಲ್ಲಿ ತುಕ್ಕು ಒರೆಸುವುದೇ ಒಂದು ಕೆಲಸ. ಈ ಬೆಟ್ಟಗಳ ಮಳೆಗೆ ಮರ ಮತ್ತು ಕಪ್ಪು ಉಕ್ಕು ಹೊಂದುವುದಿಲ್ಲ, ಪ್ರೀತಿ ಎಷ್ಟೇ ಇರಲಿ.

ಟಿಕ್ಕಾದ ಬಗ್ಗೆ ಬರೆಯಲು ಕಡಿಮೆ ಇದೆ, ಅದೇ ಅದರ ಹೆಚ್ಚುಗಾರಿಕೆ. ಪ್ಲಾಸ್ಟಿಕ್ ಹಿಡಿ ನೋಡಲು ಚೆಂದವಿಲ್ಲ, ಮಳೆಗೆ ಬದಲಾಗುವುದೂ ಇಲ್ಲ. ಬೋಲ್ಟನ್ನು 70 ಡಿಗ್ರಿ ಮಾತ್ರ ಎತ್ತಬೇಕಾದ್ದರಿಂದ ದಪ್ಪ ಕೈಗವಸಿನ ಬೆರಳು ಸ್ಕೋಪಿಗೆ ತಾಗದು. ಬೆಣ್ಣೆಯಲ್ಲಿ ಎಳೆದಂತೆ ಹಿಂದೆ ಬರುತ್ತದೆ. ಟ್ರಿಗರ್ ನುಣುಪು. ಮರುವರ್ಷದ ಜೂನ್‌ನಲ್ಲಿ ಅದೇ ಕಣಿವೆಯಲ್ಲಿ 210 ಮೀಟರು ದೂರದ ಹೆಣ್ಣಿಗೆ ಹೊಡೆದಾಗ ಈಡಿನ ಜೊತೆಗೇ ಅದರ ಭುಜದ ಕೂದಲು ಅದುರಿದ್ದನ್ನು, ಮುಂಗಾಲು ಮಡಿಸಿದ್ದನ್ನು ಸ್ಕೋಪಿನೊಳಗೇ ಕಂಡೆ. ಎರಡನೆಯ ತೋಟಾ ಏರಿಸಿಕೊಂಡು ಕಾದೆ, ಬೇಕಾಗಲಿಲ್ಲ.

ತೋಟಾದ ಚರ್ಚೆಗೆ ಬೇಟೆಗಾರರು ಇಡೀ ರಾತ್ರಿ ಕೊಡುತ್ತಾರೆ, ನಾನು ಎರಡು ಮಾತು ಕೊಡುತ್ತೇನೆ. ಮುನ್ನೂರು ಮೀಟರಿನೊಳಗೆ .270, .308, 7ಎಂಎಂ-08, 6.5 ಕ್ರೀಡ್‌ಮೂರ್ ನಾಲ್ಕೂ ತಾರ್‌ಗೆ ಸಾಕು. ಹಗುರದ ಕೋವಿಗೆ ಒದೆತ ಕಡಿಮೆಯದ್ದನ್ನೇ ಆರಿಸಿ. ಅತಿ ಹಗುರದ್ದನ್ನು ಕೊಳ್ಳಲೇಬೇಕೆಂದರೆ 6.5 ಕ್ರೀಡ್‌ಮೂರ್‌ನಲ್ಲಿ ಕೊಳ್ಳಿ, .308ರಲ್ಲಿ ಬೇಡ. ಹೆಚ್ಚು ಮದ್ದಿನ ಮ್ಯಾಗ್ನಮ್ ತೋಟಾಗಳ ಮಾತೇ ಬೇಡ.

ಹಗುರ ಮಾಡುವ ಜಾಗ ಬೇರೆ ಇದೆ. ಕೋವಿಯಲ್ಲಿ ಅರ್ಧ ಕಿಲೋ ಉಳಿಸಲು ಸಾವಿರಾರು ಡಾಲರ್ ಸುರಿದು, ಅದರ ಮೇಲೆ 900 ಗ್ರಾಂ ಸ್ಕೋಪ್ ಕೂರಿಸಿದವರನ್ನು ಗುಡಿಸಲುಗಳಲ್ಲಿ ನೋಡಿದ್ದೇನೆ. 350 ಗ್ರಾಂ ಸ್ಕೋಪ್ ಸಾಕು. ಇಪ್ಪತ್ತು ತೋಟಾದ ಪೆಟ್ಟಿಗೆಯ ಬದಲು ಎಂಟು ತೋಟಾ ಒಯ್ದರೂ 300 ಗ್ರಾಂ ಉಳಿಯಿತು. ಚೀಲದ ಆ ಎರಡನೆಯ ಚಾಕು, ಮೂರನೆಯ ಜೊತೆ ಕಾಲುಚೀಲ ತೆಗೆದಿಡಿ. ಚೀಲದಿಂದ ತೆಗೆದ ತೂಕದಿಂದ ಗುರಿ ಕೆಡುವುದಿಲ್ಲ.

ಹೊಸಬರಿಗೆ ಇನ್ನೊಂದು ಮಾತು. ಕೋವಿ ಯಾವುದೇ ಇರಲಿ, ನಡೆಯುವಾಗ ನಳಿಗೆಯಲ್ಲಿ ತೋಟಾ ಇರಕೂಡದು, ಕೆಳಗಿನ ತೋಟಾ ಡಬ್ಬಿಯಾದ ಮ್ಯಾಗಝೀನಿನಲ್ಲಿ ಇರಲಿ. ಜಾರುಗಲ್ಲಿನಲ್ಲಿ ನಾನು ಎರಡು ಸಲ ಬಿದ್ದಿದ್ದೇನೆ, ಎರಡು ಸಲವೂ ಕೋವಿ ನನ್ನ ಕೆಳಗಿತ್ತು. ಗುರಿಯನ್ನು ಎಳ್ಳಷ್ಟೂ ಅನುಮಾನವಿಲ್ಲದೆ ಗುರುತಿಸಿ ಎಂಬುದು ಇಲ್ಲಿನ ಪರವಾನಗಿ ಪರೀಕ್ಷೆಯಲ್ಲಿ ಕಲಿಸುವ ಏಳು ನಿಯಮಗಳಲ್ಲೊಂದು. ಸ್ಕೋಪಿನಿಂದ ಹುಡುಕಬೇಡಿ, ಹುಡುಕುವುದಕ್ಕೆ ದುರ್ಬೀನು ಇದೆ. ಮತ್ತು ರಾತ್ರಿ ಕೋವಿಯನ್ನು ಗುಡಿಸಲಿನ ಹೊರಗೆ ಒರಗಿಸಬೇಡಿ. ಕೀಯಾ ಎಂಬ ಹಸಿರು ಗಿಣಿಗಳು ಬಂದು ರಬ್ಬರನ್ನು ಕಿತ್ತು ತಿನ್ನುತ್ತವೆ. ನನ್ನ ಸ್ಕೋಪಿನ ಮುಚ್ಚಳ ಹೋದದ್ದು ಹಾಗೆಯೇ.

ಅತಿ ಹಗುರದ್ದನ್ನು ಕಳೆದ ವರ್ಷ ಮಾರಿದೆ. ಕೊಂಡವರಿಗೆ ಅದರ ಗುಣ, ತೊಡಕು ಎರಡನ್ನೂ ಹೇಳಿಯೇ ಕೊಟ್ಟೆ. ಅವರು ಕುಳ್ಳಗಿನ, ಮಂಡಿನೋವಿನ ಮನುಷ್ಯ, ನೂರೈವತ್ತು ಮೀಟರಿಗಿಂತ ಹತ್ತಿರ ಹೋಗದೆ ಹೊಡೆಯುವುದಿಲ್ಲ ಎಂದರು. ಅವರಿಗೆ ಅದು ಸರಿಯಾದ ಕೋವಿಯೇ. .270 ನೆರೆಯವರ ಕಬ್ಬಿಣದ ಪೆಟ್ಟಿಗೆಗೆ ಮರಳಿತು. ಟಿಕ್ಕಾದಲ್ಲಿ ಒಂದು ಕೆಲಸ ಬಾಕಿ ಇದೆ: 57 ಸೆಂಟಿಮೀಟರ್ ನಳಿಗೆಯ ತುದಿಗೆ ಸೈಲೆನ್ಸರ್ ಸೇರಿದರೆ ಮಟಗೌರಿಯ ಪೊದೆಯಲ್ಲಿ ಹೆಜ್ಜೆಗೊಮ್ಮೆ ಸಿಕ್ಕಿಕೊಳ್ಳುತ್ತದೆ. ಅದನ್ನು 46ಕ್ಕೆ ಕತ್ತರಿಸಿ, ಸೈಲೆನ್ಸರ್ ಕೂರಿಸಲು ಮತ್ತೆ ತಿರುಪಿನ ಎಳೆ ಕೊರೆಸಬೇಕು. ಗುಂಡಿನ ವೇಗ ಸೆಕೆಂಡಿಗೆ 30 ಮೀಟರಿನ ಆಸುಪಾಸು ಕುಸಿಯುತ್ತದೆ, ನಾನು ಹೊಡೆಯುವ ದೂರಕ್ಕೆ ಅದು ಲೆಕ್ಕಕ್ಕಿಲ್ಲ. ಕೋವಿ ದುರಸ್ತಿಯವರು ಏಪ್ರಿಲ್‌ನಲ್ಲಿ ತನ್ನಿ ಎಂದಿದ್ದಾರೆ, ಮೇ ತಿಂಗಳಿಗೆ ಮೊದಲು ಕೈಗೆ ಬರಬೇಕು.